ಯಾವ ತಿನಿಸಿಗೆ ಯಾವ ಹಾಟ್ ಸಾಸ್? ಖಾರವನ್ನು ಕೊನೆಗೆ ನೋಡಿ

ಟಬಾಸ್ಕೊ ಸಾಸನ್ನು ಒಂದೇ ಒಂದು ಹನಿ ಬೆರಳಿಗೆ ಬಿಟ್ಟುಕೊಂಡು ನೆಕ್ಕಿ ನೋಡಿ. ಮೊದಲು ಗೊತ್ತಾಗುವುದು ಖಾರ ಅಲ್ಲ, ವಿನೆಗರ್‌ನ ಹುಳಿ. ಅದರ ಬೆನ್ನಿಗೇ ಉಪ್ಪು. ಬಾಯಲ್ಲಿ ನೀರೂರುತ್ತದೆ. ಆಮೇಲೆ, ತುಸು ತಡವಾಗಿ, ನಾಲಿಗೆಯ ತುದಿಯಲ್ಲಿ ಉರಿ ಹತ್ತಿಕೊಳ್ಳುತ್ತದೆ. ಆ ಉರಿ ಇಳಿಯುವ ಹೊತ್ತಿಗೆ ಹುಳಿ, ಉಪ್ಪು ಎರಡೂ ಬಾಯಿಂದ ಹೋಗಿರುತ್ತವೆ.

ಈ ಸರದಿಗೆ ಕಾರಣ ಇದೆ. ಹುಳಿ, ಉಪ್ಪು ಎರಡೂ ನೀರಿನಲ್ಲಿ ಕರಗಿರುತ್ತವೆ. ನಾಲಿಗೆಯ ರುಚಿಮೊಗ್ಗುಗಳನ್ನು ಮುಟ್ಟಲು ಅವಕ್ಕೆ ಹೊತ್ತು ಬೇಕಿಲ್ಲ. ಖಾರ ಕೊಡುವ ಕ್ಯಾಪ್ಸೈಸಿನ್ ಹಾಗಲ್ಲ. ಅದು ಜಿಡ್ಡಿನಲ್ಲಿ ಕರಗುವ ಅಣು. ಬಾಯಿಯ ಒಳಚರ್ಮದೊಳಗೆ ಇಳಿದು, ನೋವು ತಿಳಿಸುವ ನರದ ತುದಿಯನ್ನು ತಲುಪಿ, ಅದರ ಪೊರೆಯೊಳಗೂ ನುಗ್ಗಬೇಕು. ಅಲ್ಲಿ ಟಿಆರ್‌ಪಿವಿ1 ಎಂಬ ಪ್ರೋಟೀನ್ ಇದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ತಾಗಿದರೆ ತೆರೆದುಕೊಳ್ಳುವ ಬಾಗಿಲು ಅದು. ಕ್ಯಾಪ್ಸೈಸಿನ್ ಬಂದು ಕೂತರೂ ತೆರೆದುಕೊಳ್ಳುತ್ತದೆ. ಮೆದುಳಿಗೆ ಎರಡು ಸಲವೂ ಹೋಗುವ ಸುದ್ದಿ ಒಂದೇ: ಬಾಯಿ ಸುಡುತ್ತಿದೆ. ಇದನ್ನು 1997ರಲ್ಲಿ ಗುರುತಿಸಿದ್ದು ಅಮೆರಿಕದ ಡೇವಿಡ್ ಜೂಲಿಯಸ್ ಅವರ ತಂಡ. 2021ರ ವೈದ್ಯಕೀಯ ನೊಬೆಲ್ ಅವರಿಗೂ ಆರ್ಡೆಮ್ ಪಟಪೌಟಿಯನ್ ಅವರಿಗೂ ಸೇರಿ ಬಂತು.

ಖಾರ ನಾಲಿಗೆಯ ರುಚಿಗಳ ಸಾಲಿಗೆ ಸೇರುವುದೇ ಇಲ್ಲ ಅಂತಾಯಿತು. ಹಾಗಿದ್ದರೂ ನಾವು ಹಾಟ್ ಸಾಸ್ ಆರಿಸುವುದು ಖಾರದ ಲೆಕ್ಕದಲ್ಲೇ ಅಲ್ವಾ? ತಟ್ಟೆಯ ಮೇಲಿನ ತಿನಿಸಿಗೆ ಸಾಸ್ ಹೊಂದುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಅದರಲ್ಲಿರುವ ಹುಳಿ, ಸಿಹಿ, ಎಣ್ಣೆ ಮತ್ತು ಘಮ. ಖಾರ ಎಷ್ಟು ಬೇಕು ಅನ್ನುವುದು ಹನಿಗಳ ಪ್ರಶ್ನೆ, ಅಷ್ಟೇ. ಕಡಿಮೆಯಾದರೆ ಇನ್ನೆರಡು ಹನಿ ಹಾಕಿಕೊಳ್ಳಬಹುದು. ಹೊಂದದ ಹುಳಿಯನ್ನು ಹಾಗೆ ಸರಿಮಾಡಲು ಬರುವುದಿಲ್ಲ.

ಖಾರಕ್ಕೆ ಅಂಕಿ ಕೊಡುವ ರೂಢಿ ಶುರುವಾಗಿದ್ದು 1912ರಲ್ಲಿ. ಪಾರ್ಕ್-ಡೇವಿಸ್ ಎಂಬ ಅಮೆರಿಕದ ಔಷಧ ಕಂಪನಿಯಲ್ಲಿದ್ದ ವಿಲ್ಬರ್ ಸ್ಕೋವಿಲ್, ಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳುವಾಗಿಸುತ್ತಾ ಹೋದರು. ರುಚಿ ನೋಡುವವರಿಗೆ ಖಾರ ಗೊತ್ತೇ ಆಗದ ಹಂತ ಬರಲು ಎಷ್ಟು ಪಟ್ಟು ತೆಳುವಾಗಿಸಬೇಕೋ ಅದೇ ಆ ಕಾಯಿಯ ಸ್ಕೋವಿಲ್ ಅಂಕಿ. ಈಗ ನಾಲಿಗೆಯ ಬದಲು ಯಂತ್ರವೇ ಕ್ಯಾಪ್ಸೈಸಿನ್ ಅಳೆದು ಕೊಡುತ್ತದೆ. ಕೆಂಪು ಟಬಾಸ್ಕೊ ಸಾಸ್ 2,500ರಿಂದ 5,000. ಹಬನೇರೊ ಕಾಯಿ 1 ಲಕ್ಷದಿಂದ ಮೂರೂವರೆ ಲಕ್ಷ. 2023ರಲ್ಲಿ ಖಾರದಲ್ಲಿ ಗಿನ್ನೆಸ್ ದಾಖಲೆ ಮಾಡಿದ ಪೆಪ್ಪರ್ ಎಕ್ಸ್ ಎಂಬ ಮೆಣಸಿನಕಾಯಿ ಸರಾಸರಿ 26.93 ಲಕ್ಷ. ಅಪ್ಪಟ ಕ್ಯಾಪ್ಸೈಸಿನ್ 1.6 ಕೋಟಿ. ಈ ಅಂಕಿಗಳೆಲ್ಲ ಬಾಟಲಿಯೊಳಗಿನ ಖಾರದವು. ಅದೇ ಸಾಸ್ ಮೊಟ್ಟೆಯ ಮೇಲೆ ಎಷ್ಟು ಉರಿಯುತ್ತದೆ, ಸೂಪಿನಲ್ಲಿ ಎಷ್ಟು ಉರಿಯುತ್ತದೆ ಎಂಬುದನ್ನು ಅವು ಹೇಳುವುದಿಲ್ಲ.

ಮೊಟ್ಟೆಯಿಂದಲೇ ಶುರು ಮಾಡೋಣ. ಗಟ್ಟಿಯಾಗಿ ಬೇಯಿಸಿದ ಮೊಟ್ಟೆಯನ್ನು ಎರಡು ಹೋಳು ಮಾಡಿ. ಬಿಳಿ ಭಾಗವನ್ನೂ ಹಳದಿ ಭಾಗವನ್ನೂ ಬೇರೆ ಮಾಡಿ, ಎರಡರ ಮೇಲೂ ಅದೇ ಸಾಸನ್ನು ಅಷ್ಟಷ್ಟೇ ಹಾಕಿ. ಬಿಳಿ ತುಂಡು ತಿಂದಾಗ ಖಾರ ತಕ್ಷಣ ಚುರುಕ್ಕೆನ್ನುತ್ತದೆ, ಹುಳಿಯೂ ಎದ್ದು ಕಾಣುತ್ತದೆ. ಹಳದಿಯಲ್ಲಿ ಖಾರ ತಡವಾಗಿ ಬರುತ್ತದೆ, ಮೆತ್ತಗೆ ಬರುತ್ತದೆ. ಹಳದಿಯ ತೂಕದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಕೊಬ್ಬು. ಬಿಳಿಯಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಕ್ಯಾಪ್ಸೈಸಿನ್ ಆ ಕೊಬ್ಬಿನೊಳಗೆ ಸೇರಿಕೊಂಡು ಬಿಡುತ್ತದೆ, ನಾಲಿಗೆಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ವಿನೆಗರ್ ಮಾತ್ರ ಕೊಬ್ಬಿಗೆ ಸಿಗದೆ ನೀರಿನಲ್ಲೇ ಉಳಿದು ತನ್ನ ಕೆಲಸ ಮಾಡುತ್ತದೆ. ಎರಡನ್ನೂ ಒಟ್ಟಿಗೆ ತಿಂದರೆ ಹುಳಿ ಮೊದಲು, ಜಿಡ್ಡು ನಡುವೆ, ಖಾರ ಕೊನೆಗೆ. ಮೊಟ್ಟೆಗೂ ವಿನೆಗರ್ ಸಾಸ್‌ಗೂ ಇಷ್ಟು ಚೆನ್ನಾಗಿ ಹೊಂದುವುದು ಇದಕ್ಕೇ.

ಕರಿದ ಕೋಳಿಯ ವಿಷಯವೂ ಇದೇ. ಬಾಯಿಗೆ ಜಿಡ್ಡು ಮೆತ್ತಿಕೊಂಡಾಗ ಹುಳಿ ಬೇಕು ಅನ್ನಿಸುತ್ತದೆ. ಹುಳಿ ಬಿದ್ದರೆ ಜೊಲ್ಲು ಸುರಿಯುತ್ತದೆ, ಬಾಯಿ ತೊಳೆದಂತಾಗುತ್ತದೆ, ಮುಂದಿನ ತುತ್ತಿಗೆ ನಾಲಿಗೆ ಸಿದ್ಧ. ಬಫೆಲೊ ವಿಂಗ್ಸ್ ಇದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದ ತಿನಿಸು. ನ್ಯೂಯಾರ್ಕ್ ರಾಜ್ಯದ ಬಫೆಲೊ ಊರಿನ ಆಂಕರ್ ಬಾರ್‌ನಲ್ಲಿ 1964ರಲ್ಲಿ ಹುಟ್ಟಿತು ಎಂಬ ಕಥೆ ಎಲ್ಲಕ್ಕಿಂತ ಹೆಚ್ಚು ಓಡಾಡುತ್ತದೆ. ಕರಿದ ರೆಕ್ಕೆಯ ತುಂಡುಗಳನ್ನು ವಿನೆಗರ್ ಹಾಟ್ ಸಾಸ್ ಮತ್ತು ಕರಗಿದ ಬೆಣ್ಣೆ ಸೇರಿಸಿದ ಮಿಶ್ರಣದಲ್ಲಿ ಹೊರಳಾಡಿಸುತ್ತಾರೆ. ಬೆಣ್ಣೆ ಖಾರದ ಮೊನೆಯನ್ನು ಮೊಂಡು ಮಾಡುತ್ತದೆ, ಸಾಸ್ ತುಂಡಿಗೆ ಅಂಟಿಕೊಳ್ಳುವಂತೆಯೂ ಮಾಡುತ್ತದೆ. ಜೊತೆಗೆ ಅದ್ದಿಕೊಳ್ಳಲು ಬ್ಲೂ ಚೀಸ್ ಡ್ರೆಸಿಂಗ್: ಮತ್ತೆ ಕೊಬ್ಬು, ಜೊತೆಗೆ ಉರಿ ಇಳಿಸುವ ಹಾಲಿನ ಪ್ರೋಟೀನ್. ಬಾರಿನಲ್ಲಿ ಯಾರೋ ಅಂದಾಜಿನಲ್ಲಿ ಮಾಡಿದ್ದು ರಸಾಯನಶಾಸ್ತ್ರದ ಲೆಕ್ಕಕ್ಕೆ ಎಷ್ಟು ಕರಾರುವಾಕ್ಕಾಗಿ ಕೂತಿದೆ ನೋಡಿ.

ವಿನೆಗರ್ ಸಾಸ್‌ಗಳ ಹುಳಿಯೂ ಎಲ್ಲ ಒಂದೇ ಥರ ಇರುವುದಿಲ್ಲ. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲ ಆವಿಯಾಗುತ್ತದೆ, ಮೂಗಿಗೆ ಹೊಡೆಯುತ್ತದೆ. ಮೆಣಸಿನಕಾಯಿ ಅರೆದು ಉಪ್ಪು ಬೆರೆಸಿಟ್ಟು ಹುದುಗಿಸಿದಾಗ ಬ್ಯಾಕ್ಟೀರಿಯಾ ಮಾಡುವುದು ಲ್ಯಾಕ್ಟಿಕ್ ಆಮ್ಲ, ಮೊಸರಿನಲ್ಲಿರುವಂಥದ್ದು. ಅದು ಆವಿಯಾಗುವುದಿಲ್ಲ, ಮೂಗಿಗೆ ಹೋಗುವುದಿಲ್ಲ, ನಾಲಿಗೆಯ ಮೇಲೆ ಮೆದುವಾಗಿ ನಿಲ್ಲುತ್ತದೆ. ಟಬಾಸ್ಕೊದಲ್ಲಿ ಈ ಎರಡೂ ಇವೆ. ಎಡ್ಮಂಡ್ ಮೆಕಿಲ್ಹೆನಿ 1868ರಲ್ಲಿ ಲೂಯಿಸಿಯಾನಾದ ಏವರಿ ದ್ವೀಪದಲ್ಲಿ ಶುರು ಮಾಡಿದ ಸಾಸ್ ಅದು. ಕಾಯಿ ಹಣ್ಣಾಗಿದೆಯೇ ಎಂದು ನೋಡಲು ಕೀಳುವವರ ಕೈಯಲ್ಲಿ ಕೆಂಪು ಬಣ್ಣ ಬಳಿದ ಪುಟ್ಟ ಕಡ್ಡಿ ಇರುತ್ತಿತ್ತು. ಕಾಯಿಯ ಬಣ್ಣ ಕಡ್ಡಿಗೆ ಸರಿಹೊಂದಬೇಕು. ಅರೆದ ಹಣ್ಣು ಉಪ್ಪಿನ ಜೊತೆ ಬಿಳಿ ಓಕ್ ಮರದ ಪೀಪಾಯಿಯಲ್ಲಿ ಮೂರು ವರ್ಷದವರೆಗೂ ಕೂರುತ್ತದೆ. ಪೀಪಾಯಿಯ ಮೇಲೂ ಉಪ್ಪಿನ ದಪ್ಪ ಪದರ. ವಿನೆಗರ್ ಸೇರುವುದು ಆಮೇಲೆ. ಹುದುಗಿಸದೆ ನೇರ ವಿನೆಗರ್‌ಗೆ ಹಾಕಿ ರುಬ್ಬಿದ ಸಾಸ್ ಪಕ್ಕದಲ್ಲಿಟ್ಟು ರುಚಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ: ಅದು ಬರೀ ಮೂಗು ಚುಚ್ಚುತ್ತದೆ.

ಈಗ ಸಿಹಿ ಇರುವ ಸಾಸ್‌ಗಳ ಕಡೆ ಬರೋಣ. ಶ್ರೀರಾಚಾ ಥಾಯ್ಲೆಂಡಿನ ಕಡಲತೀರದ ಒಂದು ಊರಿನ ಹೆಸರು ಹೊತ್ತಿದ್ದರೂ, ಜಗತ್ತಿಗೆ ಗೊತ್ತಿರುವ ಹುಂಜದ ಚಿತ್ರದ ಬಾಟಲಿ ಅಮೆರಿಕದ್ದು. ವಿಯೆಟ್ನಾಂ ಬಿಟ್ಟು ಬಂದ ಡೇವಿಡ್ ಟ್ರಾನ್ 1980ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಯ್ ಫಾಂಗ್ ಫುಡ್ಸ್ ಶುರು ಮಾಡಿದರು. ಕೆಂಪು ಹಲಪೇನೊ ಕಾಯಿ, ಸಕ್ಕರೆ, ಉಪ್ಪು, ಬೆಳ್ಳುಳ್ಳಿ, ವಿನೆಗರ್. ಸಕ್ಕರೆ ಬಾಯಿಯ ಉರಿಯನ್ನು ತಗ್ಗಿಸುತ್ತದೆ, ಬೆಳ್ಳುಳ್ಳಿ ಬಾಯಿ ತುಂಬುತ್ತದೆ. ನೂಡಲ್ಸ್, ಅನ್ನ, ಆಲೂಗಡ್ಡೆಯಂಥ ಪಿಷ್ಟದ ತಿನಿಸಿಗೆ ಇದು ಒಪ್ಪುತ್ತದೆ, ಏಕೆಂದರೆ ಅವಕ್ಕೆ ತಮ್ಮದೇ ಜೋರು ರುಚಿ ಇಲ್ಲ. ಮೇಯನೀಸ್‌ಗೆ ಬೆರೆಸಿದರಂತೂ ಇನ್ನೂ ಚೆಂದ. ಆದರೆ ಎಲ್ಲದಕ್ಕೂ ಶ್ರೀರಾಚಾ ಸುರಿಯುವವರ ಜೊತೆ ನನ್ನ ತಕರಾರಿದೆ. ಎಳೆ ಮೀನಿನ ಮೇಲೆ ಹಾಕಿದರೆ ಮೀನು ಸತ್ತಂತೆಯೇ. ಬೆಳ್ಳುಳ್ಳಿ ಬಿಟ್ಟು ಬೇರೇನೂ ಸಿಗುವುದಿಲ್ಲ. ಮತ್ತೆ, ಬಿಸಿ ಬಾಣಲೆಗೆ ಮೊದಲೇ ಹಾಕಬೇಡಿ. ಸಕ್ಕರೆ ತಳ ಹಿಡಿದು ಕಹಿಯಾಗುತ್ತದೆ.

ಬಾಣಲೆಗೆ ಹಾಕಲು ಕೊರಿಯಾದ ಗೋಚುಜಾಂಗ್ ಇದೆ. ಮೆಣಸಿನಪುಡಿ, ಅಂಟು ಅಕ್ಕಿ, ಹುದುಗಿದ ಸೋಯಾ ಸೇರಿದ ದಪ್ಪ ಪೇಸ್ಟ್ ಅದು. ಹುದುಗುವಾಗ ಅಕ್ಕಿಯ ಪಿಷ್ಟ ಸಕ್ಕರೆಯಾಗುತ್ತದೆ, ಸೋಯಾದ ಪ್ರೋಟೀನ್ ಮುರಿದು ಗ್ಲುಟಮೇಟ್ ಹುಟ್ಟುತ್ತದೆ. ಮಾಂಸದ ಸಾರಿನಲ್ಲಿ ಸಿಗುವ ಆ ತುಂಬು ರುಚಿ ಇದರಲ್ಲೂ ಬರುವುದು ಹೀಗೆ. ಇದರಲ್ಲೂ ಸಿಹಿ ಇದೆ, ಒಲೆಯ ಉರಿ ಸಣ್ಣದಿರಲಿ; ಸ್ಟ್ಯೂನಂಥ ನೀರಿರುವ ಅಡುಗೆಗೆ ಚಿಂತೆಯೇ ಇಲ್ಲ. ಹಸಿ ಮೀನಿಗೆ ಮಾತ್ರ ಕೊರಿಯನ್ನರು ಇದನ್ನು ಹಾಗೇ ಬಡಿಸುವುದಿಲ್ಲ. ವಿನೆಗರ್ ಬೆರೆಸಿ ಚೋಗೋಚುಜಾಂಗ್ ಮಾಡಿಕೊಳ್ಳುತ್ತಾರೆ. ಮೆಣಸಿನಕಾಯಿ ಅದೇ, ಹುಳಿ ಹೊಸದು, ಹೊಂದುವ ತಿನಿಸೇ ಬದಲಾಯಿತು.

ನನಗೆ ಎಲ್ಲಕ್ಕಿಂತ ಇಷ್ಟ ಹಬನೇರೊ ಮತ್ತು ಸ್ಕಾಚ್ ಬಾನೆಟ್ ಸಾಸ್‌ಗಳು. ಖಾರಕ್ಕೆ ಹೆದರಿ ಇವನ್ನು ಬಿಡುವವರು ಒಳ್ಳೆಯ ಘಮವೊಂದನ್ನು ಕಳೆದುಕೊಳ್ಳುತ್ತಾರೆ. ಈ ಕಾಯಿಗಳಲ್ಲಿ ಎಸ್ಟರ್ ಎಂಬ ಸಂಯುಕ್ತಗಳು ಹೇರಳ. ಹಣ್ಣುಗಳ ಪರಿಮಳಕ್ಕೂ ಇವೇ ಕಾರಣ. ಮುಚ್ಚಳ ತೆರೆದು ಮೂಸಿದರೆ ಏಪ್ರಿಕಾಟ್ ಹಣ್ಣು ನೆನಪಾದೀತು. ಅನಾನಸ್, ಮಾವು, ಹಂದಿಮಾಂಸ, ಸುಟ್ಟ ಮೀನು, ಬೇಯಿಸಿದ ಹುರುಳಿಕಾಳು ಇವಕ್ಕೆಲ್ಲ ಇದು ಸೊಗಸು. ಬೆಲೀಜ್ ದೇಶದ ಮೇರಿ ಶಾರ್ಪ್ಸ್ ಸಾಸ್‌ನಲ್ಲಿ ಹಬನೇರೊ ಜೊತೆ ಕ್ಯಾರೆಟ್ ಸೇರಿಸುತ್ತಾರೆ: ಸಣ್ಣ ಸಿಹಿ, ಮೈತುಂಬಿದ ಮಂದತೆ, ಆದರೆ ಘಮಕ್ಕೆ ಅಡ್ಡಿಯಿಲ್ಲ. ಬಾರ್ಬಡೋಸ್‌ನವರು ಸ್ಕಾಚ್ ಬಾನೆಟ್‌ಗೆ ಸಾಸಿವೆ ಬೆರೆಸುತ್ತಾರೆ. ಇವನ್ನು ಒಲೆ ಆರಿಸಿದ ಮೇಲೆ ಹಾಕಿ. ಕುದಿಸಿದರೆ ಪರಿಮಳ ಆವಿಯಾಗಿ ಹೋಗುತ್ತದೆ, ಕ್ಯಾಪ್ಸೈಸಿನ್ ಮಾತ್ರ ಕದಲದೆ ಕೂತಿರುತ್ತದೆ. ಚಿಪೋಟ್ಲೆಯ ಹೊಗೆವಾಸನೆಗೆ ಆ ಭಯ ಕಡಿಮೆ. ಹೊಗೆಯಲ್ಲಿ ಒಣಗಿಸಿದ ಹಲಪೇನೊ ಅದು, ಕಾಳಿನ ಸ್ಟ್ಯೂನಲ್ಲಿ ಹೊತ್ತು ಬೆಂದರೂ ತಾಳಿಕೊಳ್ಳುತ್ತದೆ.

ಕಾಯಿ ಬಿಟ್ಟು ಕ್ಯಾಪ್ಸೈಸಿನ್ ಸಾರ ಸೇರಿಸಿ, ಲಕ್ಷಗಳಲ್ಲಿ ಸ್ಕೋವಿಲ್ ಬರೆದುಕೊಂಡ ಸಾಸ್‌ಗಳೂ ಸಿಗುತ್ತವೆ. ಒಂದು ಥರ ಕಹಿ, ಘಮ ಇಲ್ಲ. ಪಂದ್ಯ ಕಟ್ಟುವವರಿಗೆ ಸರಿ, ಊಟದ ಮೇಜಿಗೆ ಯಾಕೆ?

ಚೀನಾದ ಚಿಲ್ಲಿ ಕ್ರಿಸ್ಪ್‌ನಂಥ ಎಣ್ಣೆಯ ಸಾಸ್‌ಗಳಲ್ಲಿ ಹುಳಿ ಹೆಚ್ಚುಕಮ್ಮಿ ಇರುವುದೇ ಇಲ್ಲ. ಕ್ಯಾಪ್ಸೈಸಿನ್ ಆಗಲೇ ಎಣ್ಣೆಗೆ ಇಳಿದಿರುತ್ತದೆ. ಕರಿದ ತಿನಿಸಿಗೆ ಇದನ್ನು ಹಾಕಿದರೆ ಎಣ್ಣೆಯ ಮೇಲೆ ಎಣ್ಣೆ. ಕೊಬ್ಬು ಕಡಿಮೆ ಇರುವವಕ್ಕೆ ಇದು ಹೇಳಿ ಮಾಡಿಸಿದ್ದು: ತೋಫು, ಬರೀ ನೂಡಲ್ಸ್, ಹಬೆಯಲ್ಲಿ ಬೇಯಿಸಿದ ಸೊಪ್ಪು, ಸೌತೆಕಾಯಿ. ವೆನಿಲಾ ಐಸ್‌ಕ್ರೀಮ್ ಮೇಲೂ ಹಾಕಿ ನೋಡಿ, ನಗಬೇಡಿ. ತಣ್ಣಗಿರುವುದು, ಸಿಹಿ, ಕೊಬ್ಬು, ಹಾಲಿನ ಪ್ರೋಟೀನ್: ಉರಿ ಇಳಿಸುವ ನಾಲ್ಕೂ ಒಂದೇ ಬಟ್ಟಲಲ್ಲಿವೆ. ಉಳಿಯುವುದು ಹುರಿದ ಮೆಣಸಿನ ಪರಿಮಳ, ಗರಿಗರಿ, ಚೂರು ಉಪ್ಪು.

ಬಿಸಿ ಸೂಪ್ ಇದಕ್ಕೆ ಪೂರ್ತಿ ಉಲ್ಟಾ. ಟಿಆರ್‌ಪಿವಿ1ಗೆ ಬಿಸಿಯೂ ಸಾಕು, ಕ್ಯಾಪ್ಸೈಸಿನ್ನೂ ಸಾಕು. ಎರಡೂ ಒಟ್ಟಿಗೆ ಬಂದರೆ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಹುಳಿಯೂ ಅದೇ ಪ್ರೋಟೀನನ್ನು ಇನ್ನಷ್ಟು ಸೂಕ್ಷ್ಮ ಮಾಡುತ್ತದೆ. ಆದ್ದರಿಂದ ಮೊಟ್ಟೆಗೆ ಆರು ಹನಿ ಹಾಕಿಕೊಳ್ಳುವವರು ತಿಳಿಸಾರಿನಂಥ ಸೂಪಿಗೆ ಎರಡರಿಂದ ಶುರು ಮಾಡುವುದು ಜಾಣತನ. ಜೊತೆಗೆ ಬಿಯರ್ ಇದ್ದರೆ ಆರಾಮ ಅಂದುಕೊಳ್ಳಬೇಡಿ. ಅದರಲ್ಲಿ ಬಹುಪಾಲು ನೀರು, ಕ್ಯಾಪ್ಸೈಸಿನ್ ಅದಕ್ಕೆ ಕರಗುವುದಿಲ್ಲ. ಆಲ್ಕೋಹಾಲ್ ಟಿಆರ್‌ಪಿವಿ1 ಅನ್ನು ಕೆರಳಿಸುತ್ತದೆ, ಗುಳ್ಳೆಗಳು ತಮ್ಮದೇ ಚುಚ್ಚು ಸೇರಿಸುತ್ತವೆ. ಹಾಲು ಒಳ್ಳೆಯದು, ಅದೂ ಬರೀ ಕೊಬ್ಬಿನಿಂದಲ್ಲ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆನೆ ತೆಗೆದ ಹಾಲೂ ಕೆನೆಹಾಲಿನಷ್ಟೇ ಉರಿ ಇಳಿಸಿತು. ಪ್ರೋಟೀನ್‌ಗಳೂ ಕ್ಯಾಪ್ಸೈಸಿನ್ ಹಿಡಿದುಕೊಳ್ಳುತ್ತವೆ ಎಂಬುದು ಅವರ ಅಂದಾಜು.

ನಾಲ್ಕೈದು ಸಾಸ್ ಒಟ್ಟಿಗೆ ರುಚಿ ನೋಡುವವರು ಇನ್ನೊಂದು ವಿಷಯ ಗಮನಿಸಬೇಕು. ತುತ್ತಿನ ಬೆನ್ನಿಗೇ ತುತ್ತು ಹಾಕಿಕೊಂಡರೆ ಉರಿ ಏರುತ್ತಾ ಹೋಗುತ್ತದೆ. ಅದೇ ಹತ್ತು-ಹದಿನೈದು ನಿಮಿಷ ಬಿಟ್ಟು ಮತ್ತೆ ತಿಂದರೆ ನರಗಳು ಜಡವಾಗಿ, ಮೊದಲು ಕಣ್ಣೀರು ಬರಿಸಿದ ಸಾಸೇ ಸಪ್ಪೆ ಅನ್ನಿಸಬಹುದು. ಎರಡೂ ಸಲ ಬಾಟಲಿಯೊಳಗಿನ ಸಾಸ್ ಒಂದೇ. ಅದಕ್ಕೇ ಕಡಿಮೆ ಖಾರದ್ದರಿಂದ ಶುರು ಮಾಡಿ. ಒಂದೊಂದರಲ್ಲೂ ಮೊದಲ ಎರಡು ಸೆಕೆಂಡಿನಲ್ಲಿ, ಉರಿ ಏಳುವ ಮುಂಚೆ, ಹುಳಿ ಯಾವುದು, ಸಿಹಿ ಎಷ್ಟು, ಮೂಗಿಗೆ ಏನು ಬಂತು ಅಂತ ಗುರುತು ಮಾಡಿಕೊಳ್ಳಿ. ತಿನಿಸು ಆರಿಸಲು ಬೇಕಾದದ್ದು ಅಷ್ಟರಲ್ಲೇ ಸಿಕ್ಕಿರುತ್ತದೆ.