ಉಕ್ರೇನ್ ಮತ್ತು ಐರೋಪ್ಯ ಒಕ್ಕೂಟ: ಹೊಸ್ತಿಲಲ್ಲಿ ಕಳೆದ ಮೂರು ದಶಕ

2022ರ ಮಾರ್ಚ್‌ನಲ್ಲಿ ಉಕ್ರೇನ್ ಹೆಸರು ಹುಬ್ಬಳ್ಳಿಯ ದುರ್ಗದ ಬೈಲಿನ ಮಿರ್ಚಿ ಬಂಡಿಗಳವರೆಗೂ ಬಂತು. ಭಾರತ ತರಿಸಿಕೊಳ್ಳುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಆ ದೇಶದ್ದೇ ಆಗಿತ್ತು. ಖಾರ್ಕಿವ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ತನ್ನ ವಿದ್ಯಾರ್ಥಿಯೊಬ್ಬನನ್ನು ಆ ತಿಂಗಳ ಮೊದಲ ದಿನವೇ ಕಳೆದುಕೊಂಡ ಹಾವೇರಿ ಜಿಲ್ಲೆಗೆ ಆ ಹೆಸರು ಇನ್ನೂ ನೋವಿನದು. ಆದರೆ ಉಕ್ರೇನ್ ಮತ್ತು ಐರೋಪ್ಯ ಒಕ್ಕೂಟದ ನಡುವಣ ತೊಡಕು ಯುದ್ಧಕ್ಕಿಂತ ಬಹಳ ಹಳೆಯದು.

ಅಂದಿನ ಐರೋಪ್ಯ ಸಮುದಾಯವೂ ಸೋವಿಯತ್ ಬಣದ ಆರ್ಥಿಕ ಕೂಟವಾದ ಕೋಮೆಕಾನ್ ಕೂಡ ಪರಸ್ಪರ ಮಾನ್ಯ ಮಾಡಿದ್ದು 1988ರಲ್ಲಿ. ಮುಂದಿನ ಮೂರೇ ವರ್ಷಗಳಲ್ಲಿ ಬರ್ಲಿನ್ ಗೋಡೆ, ಕೋಮೆಕಾನ್, ಸೋವಿಯತ್ ಒಕ್ಕೂಟ ಮೂರೂ ಇಲ್ಲವಾದವು. ಸರ್ಕಾರಿ ಯೋಜನೆಯಿಂದ ಮಾರುಕಟ್ಟೆಯತ್ತ ಹೊರಳುತ್ತಿದ್ದ ದೇಶಗಳು ಆಗಲೇ ಎರಡು ಸಾಲಾಗಿ ನಿಂತವು. ಪೋಲೆಂಡ್, ಹಂಗೇರಿಗಳ ಜೊತೆ 1991ರಲ್ಲಾದ ಒಪ್ಪಂದಗಳು ಸದಸ್ಯತ್ವದ ದಾರಿಯಾದವು. 1994ರಲ್ಲಿ ಉಕ್ರೇನ್ ಸಹಿ ಹಾಕಿದ ಸಹಭಾಗಿತ್ವದ ಒಪ್ಪಂದದಲ್ಲಿ ಸದಸ್ಯತ್ವದ ಮಾತೇ ಇರಲಿಲ್ಲ. 2004ರಲ್ಲಿ ಮೊದಲ ಸಾಲಿನ ಎಂಟು ದೇಶಗಳು ಒಳಗೆ ಹೋದವು, ಎರಡನೆಯ ಸಾಲಿಗೆ ‘ನೆರೆಹೊರೆ ನೀತಿ’ ಎಂಬ ಹೆಸರು ಸಿಕ್ಕಿತು. ನೆರೆಯವರನ್ನು ಪಡಸಾಲೆಯಲ್ಲಿ ಕೂಡ್ರಿಸಿ ಮಾತಾಡಿಸುವುದು ನಮ್ಮಲ್ಲೂ ಇದೆ, ಆದರೆ ಅದನ್ನು ನಂಟಸ್ತಿಕೆ ಎಂದು ಯಾರೂ ಕರೆಯುವುದಿಲ್ಲ.

2013ರ ನವೆಂಬರ್‌ನಲ್ಲಿ ಕೀವ್ ಸರ್ಕಾರ ಒಕ್ಕೂಟದ ಜೊತೆಗಿನ ಹೊಸ ಒಪ್ಪಂದವನ್ನು ಬದಿಗಿಟ್ಟಿತು, ಜನ ಬೀದಿಗಿಳಿದರು, ಸರ್ಕಾರ ಉರುಳಿತು. ಇಷ್ಟು ಬೆಲೆ ತೆತ್ತು 2014ರಲ್ಲಿ ಸಹಿಯಾಗಿ, 2016ರ ಜನವರಿ 1ರಿಂದ ಜಾರಿಗೆ ಬಂದ ವ್ಯಾಪಾರ ಭಾಗದ ಹೆಸರಿನಲ್ಲಿ ‘ಮುಕ್ತ’ ಎಂಬ ಪದವಿದ್ದರೂ ಹೊಲದ ಸರಕಿಗೆ ಮಿತಿಗಳಿದ್ದವು. ಉದಾಹರಣೆಗೆ, ಸುಂಕವಿಲ್ಲದೆ ಹೋಗಬಹುದಾದ ಜೇನುತುಪ್ಪ ವರ್ಷಕ್ಕೆ ಕೇವಲ 5,000 ಟನ್. ಆ ಪಾಲು ವರ್ಷದ ಮೊದಲ ವಾರಗಳಲ್ಲೇ ಮುಗಿದುಹೋಯಿತು.

ಯುದ್ಧದಿಂದ ಕಪ್ಪು ಸಮುದ್ರದ ಬಂದರುಗಳು ಮುಚ್ಚಿದಾಗ ಒಕ್ಕೂಟ 2022ರ ಜೂನ್‌ನಲ್ಲಿ ಸುಂಕ ಮತ್ತು ಮಿತಿಗಳನ್ನು ಸಡಿಲಿಸಿ, ಧಾನ್ಯಕ್ಕೆ ನೆಲದ ಹಾದಿ ತೆರೆಯಿತು. ಆದರೆ ಉಕ್ರೇನಿನ ಹಳಿಯ ಅಗಲ 1,520 ಮಿಲಿಮೀಟರ್, ಪೋಲೆಂಡಿನದು 1,435. ಹೀಗಾಗಿ ಗಡಿಯಲ್ಲಿ ಕಾಳನ್ನು ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ತುಂಬಬೇಕಿತ್ತು. ಮೀಟರ್ ಗೇಜ್ ಕಾಲವನ್ನು ಕಂಡ ಹುಬ್ಬಳ್ಳಿಯ ಹಿರಿಯರಿಗೆ ಈ ಪಾಡನ್ನು ಬಿಡಿಸಿ ಹೇಳಬೇಕಿಲ್ಲ. ಮುಂದಿನ ಬಂದರು ಸೇರಬೇಕಿದ್ದ ಧಾನ್ಯದಲ್ಲಿ ಒಂದಿಷ್ಟು ಗಡಿ ದೇಶಗಳಲ್ಲೇ ಮಾರಾಟವಾಗಿ ಅಲ್ಲಿನ ದರ ಕುಸಿಯಿತು. ಬ್ಯಾಡಗಿ ಪೇಟೆಯಲ್ಲಿ ಆವಕ ಹೆಚ್ಚಿ ದರ ಬಿದ್ದ ದಿನ ಚೀಲ ಇಳಿಸಿದ ರೈತನಿಗೆ ಪೋಲೆಂಡಿನ ರೈತನ ಸಿಟ್ಟು ಅರ್ಥವಾದೀತು.

2023ರ ಏಪ್ರಿಲ್‌ನಲ್ಲಿ ಪೋಲೆಂಡ್, ಹಂಗೇರಿ, ಸ್ಲೊವಾಕಿಯಾ ಆಮದು ತಡೆದವು. ಮೇ ತಿಂಗಳಲ್ಲಿ ಒಕ್ಕೂಟವೇ ಐದು ದೇಶಗಳ ಮಟ್ಟಿಗೆ ಗೋಧಿ, ಮೆಕ್ಕೆಜೋಳ, ರೇಪ್‌ಸೀಡ್ (ಸಾಸಿವೆ ಜಾತಿಯ ಎಣ್ಣೆಕಾಳು), ಸೂರ್ಯಕಾಂತಿ ಬೀಜಗಳಿಗೆ ನಿರ್ಬಂಧ ಹಾಕಿತು. ಆ ಐದೂ 2004 ಮತ್ತು 2007ರಲ್ಲಿ ಮೊದಲ ಸಾಲಿನಿಂದ ಒಳಹೋದವು. ಸೆಪ್ಟೆಂಬರ್ 15ಕ್ಕೆ ಆ ನಿರ್ಬಂಧ ತೆರವಾದರೂ ಮೂರು ದೇಶಗಳು ತಮ್ಮ ತಡೆಯನ್ನು ಮುಂದುವರಿಸಿದವು. ಉಕ್ರೇನಿನ ಸದಸ್ಯತ್ವದ ಮಾತುಕತೆ ವಿಧ್ಯುಕ್ತವಾಗಿ ಆರಂಭವಾದದ್ದು 2024ರ ಜೂನ್‌ನಲ್ಲಿ. ಅದರ ವಿಷಯಗಳನ್ನು ಹಂಚಿರುವ ಆರು ಗುಚ್ಛಗಳಲ್ಲಿ ಕೃಷಿ ಇರುವುದು ಐದನೆಯದರಲ್ಲಿ.