ಒಂದು ಮರಕ್ಕೆ ಎಷ್ಟು ಅಂತ ಕೇಳೋ ಮುಂಚೆ ಮರದ ಬುಡ ನೋಡ್ರಿ

ಮನೆ ಮರಗಳ ಟೊಂಗೆ ಕೊಯ್ದು ಕೊಡೋದು ನನ್ನ ಕೆಲಸ. ಹೋದ ಬೇಸಿಗೇಲಿ ದಾವಣಗೆರೆ ವಿದ್ಯಾನಗರದ ಒಂದು ಮನೆಗೆ ಮರ ನೋಡೋಕೆ ಹೋಗಿದ್ದೆ. ಎರಡು ಹೊಂಗೆ ಮರ, ಒಂದೇ ವರ್ಷ ಹಚ್ಚಿದ್ದಂತೆ, ಎತ್ತರ ದಪ್ಪ ಎಲ್ಲಾ ಹೆಚ್ಚುಕಮ್ಮಿ ಒಂದೇ. ಒಂದು ಗೇಟ್ ಪಕ್ಕ, ಇನ್ನೊಂದು ಹಿತ್ತಲಲ್ಲಿ. ನಾನು ಮುಂದಿನದ್ದಕ್ಕೆ 4,500, ಹಿಂದಿನದ್ದಕ್ಕೆ 9,000 ಅಂದೆ. ಆ ಮನೆಯಮ್ಮಾರಿಗೆ ಸಿಟ್ಟೇ ಬಂತು, ಅಲ್ಲಪ್ಪ ಎರಡೂ ಅದೇ ಜಾತಿ ಅದೇ ಸೈಜು, ಡಬಲ್ ಹೆಂಗಾಗುತ್ತೆ, ಹಿಂದಿನದ್ದಕ್ಕೇನು ಬಂಗಾರದ ಟೊಂಗೆ ಐತಾ ಅಂತ ಕೇಳಿದ್ರು. ಕೇಳಿದ್ದು ನ್ಯಾಯವಾಗೇ ಇತ್ತು. ಅವರನ್ನ ಹಿತ್ತಲಿಗೆ ಕರ್ಕೊಂಡು ಹೋಗಿ, ಮೇಲೆ ನೋಡಬೇಡ್ರಿ ಅಮ್ಮ, ಕೆಳಗೆ ನೋಡ್ರಿ ಅಂದೆ.

ಮುಂದಿನ ಮರದ ಕೆಳಗೆ ಖಾಲಿ ಅಂಗಳ. ಟೊಂಗೆ ಕೊಯ್ದು ಬಿಟ್ರೆ ನೆಲಕ್ಕೆ ಬೀಳುತ್ತೆ, ಎಳ್ಕೊಂಡು ಹೋಗಿ ಗಾಡಿಗೆ ಹಾಕೋದು, ಅರ್ಧ ದಿನದ ಕೆಲಸ. ಹಿಂದಿನ ಮರದ ಅರ್ಧ ತಲೆ ಪಕ್ಕದ ಮನೆಯವರ ಸಿಮೆಂಟ್ ಶೀಟಿನ ಮೇಲೆ, ಇನ್ನರ್ಧ ಇವರದ್ದೇ ಸೋಲಾರ್ ಪೈಪಿನ ಮೇಲೆ. ಅಲ್ಲಿ ಒಂದು ಟೊಂಗೇನೂ ಬಿಡೋ ಹಂಗಿಲ್ಲ, ಪ್ರತಿಯೊಂದನ್ನೂ ಹಗ್ಗ ಕಟ್ಟಿ, ಕೊಯ್ದು, ಕೆಳಗೆ ಒಬ್ಬ ಹಗ್ಗ ಹಿಡ್ಕೊಂಡು ನಿಧಾನಕ್ಕೆ ಇಳಿಸಬೇಕು. ಒಂದಡಿ ದಪ್ಪ ಮೂರಡಿ ಉದ್ದದ ಹಸಿ ತುಂಡು 60 ಕೆಜಿ ಮೇಲೇ ತೂಗುತ್ತೆ, ಅದು ಎರಡಡಿ ಜಾರಿ ಹಗ್ಗಕ್ಕೆ ಜಗ್ಗಿದ್ರೆ ಏಟು ಬೀಳೋದು ಅದರ ತೂಕದ ಎಷ್ಟೋ ಪಟ್ಟು. ಅದಕ್ಕೇ ಇಡೀ ದಿನ ಹಿಡಿಯುತ್ತೆ, ಅದಕ್ಕೇ ಡಬಲ್.

ನಾನು ರೇಟ್ ಹಾಕೋದು ಮರಕ್ಕಲ್ಲ, ಟೊಂಗೆ ಬೀಳೋ ಜಾಗಕ್ಕೆ. ಈ ಕೆಲಸಕ್ಕೆ ಹೊಸದಾಗಿ ಇಳಿದಿರೋ ಹುಡುಗ್ರಿಗೂ ಮನೆಯವ್ರಿಗೂ ನಾನು ಮೊದ್ಲು ಹೇಳೋದು ಇದನ್ನೇ.

ಇದನ್ನ ನಾನು ಕಲಿತಿದ್ದು ಕೈ ಸುಟ್ಕೊಂಡು. ಶುರುವಿನಲ್ಲಿ ಫೋನಲ್ಲೇ ರೇಟ್ ಹೇಳ್ತಿದ್ದೆ. ನಿಜಲಿಂಗಪ್ಪ ಬಡಾವಣೆ ಕಡೆಯವರೊಬ್ರು ವಾಟ್ಸಾಪಲ್ಲಿ ಬಾದಾಮಿ ಮರದ ಫೋಟೋ ಕಳಿಸಿದ್ರು, ರೋಡಿಂದ ತೆಗೆದಿದ್ದು, ನೋಡೋಕೆ ಸಲೀಸು ಮರ, 3,000ಕ್ಕೆ ಒಪ್ಕೊಂಡೆ. ಹೋಗಿ ನೋಡಿದ್ರೆ ಮರದ ಹಿಂದೆ ಇನ್ನೊಬ್ಬರ ದನದ ಕೊಟ್ಟಿಗೆ ಶೀಟು. ಮಾತು ಕೊಟ್ಟಾಗಿದೆ ಅಂತ ಹಗ್ಗಾನೂ ಸರಿಯಾಗಿ ಕಟ್ಟದೆ ಅವಸರದಲ್ಲಿ ಕೊಯ್ದೆ, ಎರಡು ಶೀಟು ಹೋದವು. ಶೀಟು ತರಿಸಿ ಹಾಕಿಸಿ ಕೊಟ್ಟ ಮೇಲೆ ಆ ಕೆಲಸದಲ್ಲಿ ನನಗೆ ಏನೂ ಉಳೀಲಿಲ್ಲ, ಹುಡುಗ್ರ ಕೂಲೀನ ಮನೆಯಿಂದ ಕೊಟ್ಟೆ. ಅವತ್ತಿಂದ ಜಾಗ ಕಣ್ಣಾರೆ ನೋಡದೆ ಒಂದು ರೂಪಾಯೀನೂ ಹೇಳಲ್ಲ.

ಕೆಳಗೆ ನೋಡಿ ಆದ್ಮೇಲೆ ಮೇಲೆ ನೋಡೋದು. ಬೇವು ಹೊಂಗೆ ಆದ್ರೆ ಕಟ್ಟಿಗೆ ಗಟ್ಟಿ, ಕಾಲಿಟ್ರೆ ತಡೆಯುತ್ತೆ. ನುಗ್ಗೆ, ಆಕಾಶಮಲ್ಲಿಗೆ ಇವೆಲ್ಲಾ ಪೆಳಸು ಮರ, ಹೇಳದೆ ಕೇಳದೆ ಲಟಕ್ಕನೆ ಮುರಿಯೋ ಜಾತಿ, ಅಲ್ಲಿ ಹತ್ತೋನು ಟೊಂಗೆ ನಂಬೋ ಹಂಗಿಲ್ಲ. ಬುಡಕ್ಕೆ ಸುತ್ತಿಗೆ ಹಿಂಭಾಗದಲ್ಲಿ ಬಡಿದು ಸೌಂಡ್ ಕೇಳ್ತೀನಿ, ಡಬಡಬ ಅಂದ್ರೆ ಒಳಗೆ ಪೊಳ್ಳು. ಹೆಜ್ಜೇನು ಗೂಡು ಐತಾ, ಹಕ್ಕಿ ಮರಿ ಮಾಡಿದಾವಾ, ಇದನ್ನೂ ನೋಡ್ಬೇಕು, ಮರಿ ಇದ್ರೆ ನಾನು ಮೂರ್ನಾಲ್ಕು ವಾರ ಮುಂದಕ್ಕೆ ಹಾಕ್ತೀನಿ, ಅಷ್ಟರಲ್ಲಿ ಕಸ್ಟಮರ್ ಬೇರೆಯವರ ಹತ್ರ ಹೋದ್ರೂ ಪರವಾಗಿಲ್ಲ.

ವೈರಿನ ವಿಷಯ ಬೇರೆ. ಟೊಂಗೆ ಕರೆಂಟ್ ಲೈನ್ ಹತ್ರ ಇದ್ರೆ ಬೆಸ್ಕಾಂ ಸೆಕ್ಷನ್ ಆಫೀಸಿಗೆ ಅರ್ಜಿ ಕೊಟ್ಟು ಸಪ್ಲೈ ತೆಗೆಸಿದ ಮೇಲೇ ನಮ್ಮ ಹುಡುಗ ಮರ ಹತ್ತೋದು. ಹಸಿ ಟೊಂಗೇಲಿ ಕರೆಂಟ್ ಹರಿಯುತ್ತೆ, ವೈರ್ ಮುಟ್ಟಬೇಕು ಅಂತಾನೂ ಇಲ್ಲ, 11 ಕೆವಿ ಲೈನ್ ಆದ್ರೆ ಹತ್ರ ಹೋದ್ರೇ ಸಾಕು. ಲೈನ್‌ಮನ್ ಬರೋ ತನಕ ನಾಲ್ಕು ಜನ ಸುಮ್ನೆ ಕೂರ್ಬೇಕಾಗುತ್ತೆ, ಆ ಎರಡು ಗಂಟೆ ಕೂಲೀನೂ ಕೊಟೇಶನ್‌ನಲ್ಲಿ ಹಾಕ್ಲೇಬೇಕು. ಹಾಕದೇ ಇದ್ದೋನು ಕಾಯದೇ ಹತ್ತಿಸ್ತಾನೆ, ಅನಾಹುತ ಆಗೋದು ಅಲ್ಲೇ.

ಈಗ ಲೆಕ್ಕ. ನನ್ನ ಗ್ಯಾಂಗಿನ ಒಂದು ದಿನದ ಖರ್ಚು ಹೇಳ್ತೀನಿ. ಮರ ಹತ್ತೋನಿಗೆ 1,500, ಹಗ್ಗ ಹಿಡಿಯೋನಿಗೆ 1,000, ಕೆಳಗೆ ಸೊಪ್ಪು ಎಳೆಯೋ ಇಬ್ಬರಿಗೆ 800ರ ಹಂಗೆ 1,600. ಟಾಟಾ ಏಸ್ ಬಾಡಿಗೆ, ಸೊಪ್ಪು ಸಾಗಿಸೋದು ಸೇರಿ 1,800. ಚೈನ್ ಸಾ ಪೆಟ್ರೋಲು, ಆಯಿಲು, ಚೈನು, ಹಗ್ಗದ ಸವಕಳಿ 600, ಊಟ ತಿಂಡಿ ಓಡಾಟ 400, ಇನ್ಶೂರೆನ್ಸ್ ಮತ್ತೆ ಹೆಲ್ಮೆಟ್ಟು ಬೆಲ್ಟು ಬದಲಾಯಿಸೋಕೆ ಎತ್ತಿಡೋದು 300. ಒಟ್ಟು 7,200. ಇದಕ್ಕೆ ನೂರಕ್ಕೆ 20 ಲಾಭ ಅಂತ ಎಲ್ಲರೂ 1,440 ಸೇರಿಸಿ 8,640 ಹೇಳ್ತಾರೆ, ನಾನೂ ವರ್ಷಗಟ್ಲೆ ಹಂಗೇ ಮಾಡಿದ್ದೆ. ಆದ್ರೆ ಕೈಗೆ ಬಂದ ದುಡ್ಡಲ್ಲಿ 20 ಪರ್ಸೆಂಟ್ ಉಳೀಬೇಕು ಅಂದ್ರೆ 7,200ನ 0.8ರಿಂದ ಭಾಗಿಸಬೇಕು, ಆಗ 9,000 ಬರುತ್ತೆ. ದಿನಕ್ಕೆ 360 ರೂಪಾಯಿ ವ್ಯತ್ಯಾಸ, ವರ್ಷಕ್ಕೆ ನೂರು ದಿನ ಕೆಲಸ ಇದ್ರೆ 36,000, ಒಂದು ಒಳ್ಳೆ ಚೈನ್ ಸಾ ಬರೋ ದುಡ್ಡು. ಇನ್ಶೂರೆನ್ಸ್ ಅಂದಾಗ ನೆನಪಾಯ್ತು, ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ವರ್ಷಕ್ಕೆ ಬರೀ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದ್ರೆ ಮನೆಯವ್ರಿಗೆ 2 ಲಕ್ಷ, 18ರಿಂದ 70 ವಯಸ್ಸಿನವರಿಗೆ ಬ್ಯಾಂಕ್ ಅಕೌಂಟ್ ಇದ್ರೆ ಸಾಕು. ಇದೊಂದೇ ಸಾಕಾಗಲ್ಲ ನಿಜ, ಆದ್ರೆ ಇದೂ ಇಲ್ಲದ ಹುಡುಗನ್ನ ಮರ ಹತ್ತಿಸಬೇಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ.

ಸೊಪ್ಪು ಕಟ್ಟಿಗೆ ಯಾರಿಗೆ ಅನ್ನೋದು ಸಣ್ಣ ವಿಷಯ ಅನ್ಕೋತಾರೆ, ನನ್ನ ಪ್ರಕಾರ ಮರ ಹಾಳಾಗೋದೇ ಇಲ್ಲಿ. ನಮ್ ಕಡೆ ಹಳೇ ಪದ್ಧತಿ ಏನಂದ್ರೆ ಕೂಲಿ ಕಮ್ಮಿ ಕೊಡಿ, ಕಟ್ಟಿಗೆ ನಾನೇ ತಗೊಂಡು ಹೋಗ್ತೀನಿ ಅನ್ನೋದು. ಮನೆಯವ್ರಿಗೆ ಲಾಭ ಅನ್ಸುತ್ತೆ. ಆದ್ರೆ ಯೋಚನೆ ಮಾಡ್ರಿ, ಕಟ್ಟಿಗೆ ಮಾರಿ ದುಡ್ಡು ಮಾಡೋನು ತೆಳ್ಳನೆ ಒಣ ಟೊಂಗೆ ಯಾಕೆ ಕೊಯ್ತಾನೆ, ಅವನ ಕಣ್ಣು ತೊಡೆ ದಪ್ಪದ ಟೊಂಗೆ ಮೇಲೇ ಇರುತ್ತೆ. ತೆಗೀಬೇಕಾದ್ದು ಉಳಿಯುತ್ತೆ, ಉಳೀಬೇಕಾದ್ದು ಹೋಗುತ್ತೆ. ಅದಕ್ಕೆ ನಾನು ಪೂರ್ತಿ ರೇಟ್ ಹೇಳಿ, ಕಟ್ಟಿಗೆ ನಿಮ್ಮದೇ, ಬೇಡ ಅಂದ್ರೆ ಸಾಗಿಸೋಕೆ ಇಷ್ಟು ಅಂತ ಬೇರೆ ಬರೀತೀನಿ. ಬೇವಿನ ಸೊಪ್ಪಾದ್ರೆ ಮೇಕೆ ಸಾಕೋರು ಬಂದು ಒಯ್ತಾರೆ, ಸಾಗಿಸೋ ಖರ್ಚು ಉಳಿಯುತ್ತೆ, ಅದನ್ನ ಕಸ್ಟಮರ್‌ಗೇ ಬಿಡ್ತೀನಿ.

ಇನ್ನು ಪಕ್ಕದೋನು ಅರ್ಧಕ್ಕೇ ಮಾಡಿಕೊಡ್ತಾನಲ್ಲ ಅನ್ನೋ ಮಾತು. ಮಾಡ್ತಾನೆ, ಹೆಂಗೆ ಅಂದ್ರೆ ತಲೆ ಬೋಳಿಸಿ. ದೊಡ್ಡ ಟೊಂಗೆಗಳನ್ನ ಅರ್ಧಕ್ಕೆ ಕಡಿದು ಮೊಂಡು ಬಿಟ್ಟು ಹೋದ್ರೆ ಎರಡು ಗಂಟೇಲಿ ಕೆಲಸ ಮುಗೀತು. ಆ ಮೊಂಡಿಂದ ಮುಂದಿನ ಮಳೆಗೆ ಪೊರಕೆ ಥರ ಚಿಗುರು ಬರುತ್ತೆ, ನೋಡೋಕೆ ಹಸಿರಾಗಿರುತ್ತೆ, ಆದ್ರೆ ಆ ಚಿಗುರು ಮೇಲ್ಮೇಲೆ ಅಂಟಿಕೊಂಡಿರುತ್ತೆ ಅಷ್ಟೆ, ಕೆಳಗೆ ಮೊಂಡು ಕೊಳೀತಾ ಹೋಗುತ್ತೆ, ಕೆಲವು ವರ್ಷಕ್ಕೆ ಆ ಚಿಗುರೇ ದಪ್ಪಗಾಗಿ ಗಾಳಿಗೆ ಮುರಿದು ಕೆಳಗಿನ ಕಾರಿನ ಮೇಲೆ ಬೀಳೋದು. ನಾನು ಬರೆದು ಕೊಡೋದು ಹಿಂಗೆ: ಹಸಿರು ತಲೇಲಿ ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಲ್ಲ, ದೊಡ್ಡ ಟೊಂಗೆ ಮೂರು ಕೊಯ್ತದಲ್ಲಿ ತೆಗೀತೀವಿ, ಮೊದ್ಲು ಕೆಳಗಿಂದ ಸ್ವಲ್ಪ, ಆಮೇಲೆ ಇನ್ನೂ ಆಚೆ ಮೇಲಿಂದ ಪೂರ್ತಿ, ಕೊನೆಗೆ ಟೊಂಗೆ ಬುಡದ ಉಬ್ಬಿನ ಹೊರಗೆ ಮೊಂಡು ಉಳೀದಂಗೆ. ಹಂಗೆ ಮಾಡಿದ್ರೆ ತೊಗಟೆ ಸೀಳಲ್ಲ, ಉಬ್ಬು ತಾನೇ ಗಾಯ ಮುಚ್ಕೊಳ್ಳುತ್ತೆ. ಟಾರ್ ಬಳೀರಿ ಅಂತ ಬಹಳ ಜನ ಕೇಳ್ತಾರೆ, ಅದರಿಂದ ಕೊಳೆ ತಡೆಯೋಕಾಗಲ್ಲ, ಅದಕ್ಕೆ ದುಡ್ಡೂ ಹಾಕಲ್ಲ ಬಳಿಯೋದೂ ಇಲ್ಲ. ಇನ್ನೊಬ್ಬನ ಹತ್ರಾನೂ ಇಷ್ಟು ಬರೆಸ್ಕೊಳ್ರಿ, ಆಮೇಲೆ ಎರಡು ರೇಟ್ ಪಕ್ಕಪಕ್ಕ ಇಟ್ಟು ನೋಡ್ರಿ. ಬರೆದು ಕೊಡಲ್ಲ ಅಂದ್ರೆ ಅದು ಬೇರೆ ಕೆಲಸದ ರೇಟು.

ಕೆಲವರು ಹೆಂಗೂ ಬಂದಿದೀರಲ್ಲ ಪೂರ್ತಿ ಕಡಿದೇ ಬಿಡಿ ಅಂತಾರೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ನಿಮ್ಮ ಕಾಂಪೌಂಡ್ ಒಳಗಿನ ಮರ ಆದ್ರೂ ಕಡಿಯೋಕೆ ಟ್ರೀ ಆಫೀಸರ್, ಅಂದ್ರೆ ಇದಕ್ಕಂತ ನೇಮಿಸಿರೋ ಅರಣ್ಯ ಇಲಾಖೆ ಅಧಿಕಾರಿ, ಪರ್ಮಿಷನ್ ಬೇಕು, ತೆಂಗು ನೀಲಗಿರಿಯಂಥ ಕೆಲವು ಜಾತಿಗೆ ಮಾತ್ರ ವಿನಾಯ್ತಿ. ಕಾಂಪೌಂಡ್ ಆಚೆ ರೋಡ್ ಸೈಡಿನ ಮರ ನಿಮ್ಮ ತಾತ ಹಚ್ಚಿದ್ದಾದ್ರೂ ನಾವು ಕೈ ಹಾಕೋ ಹಂಗಿಲ್ಲ. ಇಂಥ ಕೆಲಸಕ್ಕೆ ಪೇಪರ್ ಬರೋ ತನಕ ನಾನು ರೇಟೂ ಹೇಳಲ್ಲ.

ಸಮಯದ್ದೂ ಒಂದು ಮಾತು. ಭರಣಿ ಮಳೆ ಗಾಳಿ ಬಡಿದ ಮಾರನೇ ದಿನ ಇಡೀ ಊರಿಂದ ಫೋನ್ ಬರುತ್ತೆ, ಅವತ್ತು ಕೇಳಿದಷ್ಟು ಕೊಡ್ತಾರೆ, ನಾನು ಜಾಸ್ತಿ ಕೇಳಲ್ಲ, ಹಳೇ ರೇಟೇ. ಆದ್ರೆ ಮುರಿದು ನೇತಾಡೋ ಟೊಂಗೆ ತೆಗೆಯೋಕೆ ನಿಂತ ಟೊಂಗೆ ತೆಗೆಯೋದಕ್ಕಿಂತ ಟೈಮ್ ಹಿಡಿಯುತ್ತೆ, ಬಿಲ್ಲು ತಾನಾಗೇ ಏರುತ್ತೆ. ಫೆಬ್ರವರಿ ಮಾರ್ಚಲ್ಲೇ ಕರೆದ್ರೆ ನಿಮ್ಮ ದುಡ್ಡು ಉಳಿಯುತ್ತೆ. ಮಾವು ಮಾತ್ರ ಕಾಯಿ ಇಳಿಸಿದ ಮೇಲೆ.

ವಿದ್ಯಾನಗರದ ಆ ಅಮ್ಮ ಅವತ್ತು ಮುಂದಿನ ಮರ ಮಾತ್ರ ಮಾಡಿಸಿದ್ರು. ವಾರ ಬಿಟ್ಟು ಫೋನ್ ಮಾಡಿ, ಪಕ್ಕದ ಮನೆಯವರ ಹತ್ರ ಮಾತಾಡಿದೀನಿ, ಅವರಿಗೂ ಎಲೆ ಬಿದ್ದು ಬಿದ್ದು ಸಾಕಾಗಿದೆಯಂತೆ, ಒಂದು ದಿನದ ಮಟ್ಟಿಗೆ ಆ ನಾಲ್ಕು ಶೀಟು ಬಿಚ್ಚಿಡ್ತಾರಂತೆ, ಗಾಡಿ ಅವರ ಹಿತ್ತಲಿಗೇ ಬಿಡಬಹುದಂತೆ, ಈಗ ಎಷ್ಟು ಅಂತ ಕೇಳಿದ್ರು. ಮತ್ತೆ ಹೋಗಿ ಬುಡದಲ್ಲಿ ನಿಂತು ನೋಡಿದೆ. ಸೋಲಾರ್ ಕಡೆ ಟೊಂಗೆಗಷ್ಟೇ ಹಗ್ಗ ಸಾಕಿತ್ತು, ಮಧ್ಯಾಹ್ನ ಎರಡಕ್ಕೆಲ್ಲಾ ಮುಗಿಯೋ ಕೆಲಸ. 6,500 ಅಂದೆ.