ಹೋರಿಯ ಕಾಲು ನೋಡುವುದು: ಹಿಂಗಾಲಿನಿಂದ ಶುರು ಮಾಡಿ

ಹಾವೇರಿ ದನದ ಸಂತೆಯಲ್ಲಿ ಹೋರಿ ನೋಡುವವರು ಮೊದಲು ಕೋಡು, ಸುಳಿ, ಹಲ್ಲು ನೋಡುತ್ತಾರೆ. ನಾನೂ ಒಂದು ಬಿಳಿ ಖಿಲಾರಿ ತಳಿಯ ಹೋರಿಯ ಕೋಡು ನೋಡುತ್ತಾ ನಿಂತಿದ್ದೆ. ಪಕ್ಕದಲ್ಲಿದ್ದ ಅಜ್ಜ, "ತಮ್ಮಾ, ಕೋಡು ಆಮ್ಯಾಲ ನೋಡ, ಮೊದಲ ನಡಿಸಿ ನೋಡ" ಅಂದರು.

ಬೀಜದ ಹೋರಿಗೆ ಹಿಂಗಾಲೇ ಬಂಡವಾಳ. ಹಸುವಿನ ಮೇಲೆ ಏರುವಾಗ ಮೈಭಾರವೆಲ್ಲ ಅಲ್ಲೇ ಬೀಳುತ್ತದೆ. ಪಕ್ಕಕ್ಕೆ ನಿಂತು ಹಿಂಗಾಲಿನ ನಡುವಿನ ದೊಡ್ಡ ಗಂಟು ನೋಡಿ. ಪಾಠದಲ್ಲಿ ಇದನ್ನೇ ಹಾಕ್ ಅನ್ನುತ್ತಾರೆ. ಬಾಲದ ಬುಡದ ಪಕ್ಕ ಎದ್ದು ಕಾಣುವ ಎಲುಬಿನಿಂದ ಕಲ್ಲು ಕಟ್ಟಿದ ದಾರ ಇಳಿಬಿಟ್ಟೆವು ಅಂದುಕೊಳ್ಳಿ. ಅದು ಹಾಕ್‌ನ ಹಿಂತುದಿಗೆ ತಾಗಿ, ಕಾಲಿನ ಹಿಂಬದಿಗುಂಟ ಇಳಿಯಬೇಕು.

ಗಂಟು ಜಾಸ್ತಿ ಬಾಗಿ ಪಾದ ಹೊಟ್ಟೆಯಡಿಗೆ ಹೋಗಿದ್ದರೆ ಅದು ಕುಡುಗೋಲು ಕಾಲು. ಹಿಮ್ಮಡಿ ಸವೆಯುತ್ತದೆ, ಗೊರಸಿನ ಮುಂತುದಿ ಉದ್ದ ಬೆಳೆಯುತ್ತದೆ. ಕಂಬದಂತೆ ನೆಟ್ಟಗಿರುವ ಕಾಲು ನೋಡೋಕೆ ಚಂದ, ಆದರೆ ನನ್ನ ಪ್ರಕಾರ ಇದೇ ಹೆಚ್ಚು ಕೆಟ್ಟದ್ದು. ಹೆಜ್ಜೆ ಊರಿದ ಏಟು ತಾಳಲು ಬಾಗು ಬೇಕಲ್ವಾ? ಅದಿಲ್ಲದಿದ್ದರೆ ಗಂಟಿನಲ್ಲಿ ನೀರು ತುಂಬಿ ಊದಿಕೊಳ್ಳುತ್ತದೆ.

ಹಿಂದೆ ನಿಂತು ನೋಡಿದಾಗ ಎರಡು ಹಾಕ್‌ಗಳು ಕೊಂಚ ಹತ್ತಿರವಿದ್ದರೆ ಚಿಂತೆಯಿಲ್ಲ. ತೀರಾ ಹತ್ತಿರವಿದ್ದರೆ ಗೊರಸಿನ ಮೇಲೆ ಭಾರ ಸಮನಾಗಿ ಬೀಳುವುದಿಲ್ಲ. ಮುಂಗಾಲಿಗೆ ಭುಜದ ತುದಿ, ಮೊಣಕಾಲು, ಗೊರಸು ಒಂದೇ ಗೆರೆಯಲ್ಲಿದ್ದರೆ ಸಾಕು.

ಗೊರಸಿಗೆ ಒಂದು ತಂಬಿಗೆ ನೀರು ಬೇಕು. ನಮ್ಮ ಎರೆ ಮಣ್ಣಿನ ಕೆಸರು ಎಲ್ಲಾ ಮುಚ್ಚಿಬಿಡುತ್ತದೆ. ತೊಳೆದ ಮೇಲೆ ಎರಡೂ ಉಗುರು ಸಮನಾಗಿ ಮುಂದಕ್ಕೆ ನೋಡುತ್ತಿರಬೇಕು. ಕತ್ತರಿಯಂತೆ ಒಂದರ ಮೇಲೊಂದು ಬಂದಿದ್ದರೆ ಬಿಟ್ಟುಬಿಡಿ. ಆ ಗುಣ ಕರುಗಳಿಗೂ ಹೋಗಬಹುದು. ಉಗುರು ಕತ್ತರಿಸಿ ಎಷ್ಟು ದಿನವಾಯಿತು ಅಂತಲೂ ಕೇಳಿ, ಹೊಸದಾಗಿ ಕತ್ತರಿಸಿದರೆ ದೋಷ ಕಾಣುವುದಿಲ್ಲ.

ಅಮೆರಿಕ, ಆಸ್ಟ್ರೇಲಿಯಾದಲ್ಲಿ ಆಂಗಸ್ ಎಂಬ ಮಾಂಸದ ತಳಿಯ ಗೊರಸಿಗೆ 1ರಿಂದ 9ರವರೆಗೆ ಅಂಕ ಕೊಡುತ್ತಾರೆ. ಈ ಅಂಕದಲ್ಲಿ 9 ಒಳ್ಳೆಯದಲ್ಲ, ನಡುವಿನ 5 ಒಳ್ಳೆಯದು. ಪಾಠ ಓದಿದವರಲ್ಲೂ ಸುಮಾರು ಜನ ಪರೀಕ್ಷೆಯಲ್ಲಿ ತಪ್ಪುವುದು ಇಲ್ಲೇ.

ಅಜ್ಜ ಹೇಳಿದಂತೆ ಆ ಖಿಲಾರಿಯನ್ನು ನೀರಿನ ತೊಟ್ಟಿ ಪಕ್ಕದ ಹಸಿ ನೆಲದಲ್ಲಿ ನಡೆಸಿದೆವು. ಹಿಂದಿನ ಗೊರಸು ಮುಂದಿನ ಗೊರಸಿನ ಗುರುತಿನ ಮೇಲೇ ಬೀಳಬೇಕು. ಇದರದ್ದು ಒಂದು ಗೇಣು ಹಿಂದೇ ಉಳಿಯುತ್ತಿತ್ತು. ಹಾಕ್ ಮೇಲೆ ಕೈಯಾಡಿಸಿದೆ. ಒಳಬದಿ ಮೆತ್ತಗೆ, ನಿಂಬೆಹಣ್ಣಿನಷ್ಟು ಊದಿತ್ತು.